ರಕ್ಷಣೆ, ಕೃಪೆ, ನರಕ: ಕ್ರೈಸ್ತ ನಂಬಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೈಸ್ತರಲ್ಲದ ಗೆಳೆಯರು ಕೇಳುವ ಪ್ರಶ್ನೆಗಳು ಇವು. ಚರ್ಚಿನಲ್ಲೇ ಹುಟ್ಟಿ ಬೆಳೆದ ಹುಡುಗರೂ ಇವನ್ನೇ ಕೇಳುತ್ತಾರೆ, ಸ್ವಲ್ಪ ಮೆಲ್ಲನೆ. ಉತ್ತರ ಬರೆದವನು ಪಾದ್ರಿಯಲ್ಲ, ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವವನು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಕ್ರೈಸ್ತರು ಹೀಗೆ ನಂಬುತ್ತಾರೆ" ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ, ಅವರು ತಮ್ಮ ಸಭೆಯ, ಅಂದರೆ ತಮ್ಮ ಚರ್ಚ್ ಪಂಗಡದ ಮಾತು ಹೇಳುತ್ತಿದ್ದಾರೆ ಅಂತ ತಿಳಿಯಿರಿ. ರಕ್ಷಣೆ ದೇವರು ಕೊಡುವ ದಾನ ಅನ್ನುವಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದೇ. ಆ ದಾನ ಯಾರ ಕೈ ಸೇರುತ್ತದೆ ಅನ್ನುವಲ್ಲೇ ಜಗಳ.

ರಕ್ಷಣೆ ಅಂದರೆ ಯಾವುದರಿಂದ ರಕ್ಷಣೆ?

ಪಾಪದಿಂದ, ಸಾವಿನಿಂದ. ಪಾಪ ಅಂದರೆ ಬರೀ ತಪ್ಪು ಕೆಲಸಗಳ ಪಟ್ಟಿ ಅಲ್ಲ. ಮನುಷ್ಯ ದೇವರಿಗೆ ಬೆನ್ನು ತಿರುಗಿಸಿ ನಿಂತಿರುವ ಸ್ಥಿತಿ. ರೋಮಿನ ಪೋಪ್‌ರನ್ನು ಒಪ್ಪುವ ಕ್ಯಾಥೊಲಿಕ್ ಸಭೆ ಮತ್ತು ಅದರಿಂದ ಬೇರೆಯಾದ ಪ್ರಾಟೆಸ್ಟಂಟ್ ಸಭೆಗಳು ಇದನ್ನು ಹೇಳುವಾಗ ಕೋರ್ಟಿನ ಭಾಷೆ ಜಾಸ್ತಿ ಬಳಸುತ್ತವೆ: ಅಪರಾಧ, ತೀರ್ಪು, ಬಿಡುಗಡೆ. ಗ್ರೀಸ್, ರಷ್ಯಾ ಕಡೆಯ ಆರ್ಥೊಡಾಕ್ಸ್ ಸಭೆಗಳದ್ದು ವೈದ್ಯನ ಭಾಷೆ: ಪಾಪ ಒಂದು ರೋಗ, ಕ್ರಿಸ್ತ ಅದನ್ನು ವಾಸಿಮಾಡುವವನು. 4ನೇ ಶತಮಾನದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಪ್ರಕಾರ, ಮನುಷ್ಯ ದೇವರ ಬದುಕಿನಲ್ಲಿ ಪಾಲು ಪಡೆಯಲಿ ಅಂತಲೇ ದೇವರು ಮನುಷ್ಯನಾದ.

ಅಂದಹಾಗೆ, ಆತ್ಮ ಮೇಲಕ್ಕೆ ಹಾರಿಹೋಗಿ ಸ್ವರ್ಗ ಸೇರಿದರೆ ಕಥೆ ಮುಗಿಯಿತು ಅಂತ ಎಷ್ಟೋ ಕ್ರೈಸ್ತರೇ ಅಂದುಕೊಂಡಿದ್ದಾರೆ. ಆದರೆ ವಾರವಾರ ಬಾಯಿಪಾಠ ಹೇಳುವ ವಿಶ್ವಾಸಪ್ರಮಾಣದಲ್ಲಿ ಇರುವುದು ದೇಹದ ಪುನರುತ್ಥಾನ, ಅಂದರೆ ಸತ್ತವರು ದೇಹಸಹಿತ ಮತ್ತೆ ಎದ್ದುಬರುವುದು.

ಮೋಕ್ಷಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಲ್ಲಿ ಮರುಜನ್ಮ ಇಲ್ಲ. ಮನುಷ್ಯ ಒಂದೇ ಸಾರಿ ಸಾಯುತ್ತಾನೆ, ಆಮೇಲೆ ನ್ಯಾಯತೀರ್ಪು ಎಂದು ಬೈಬಲಿನಲ್ಲಿರುವ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಈ ಜನ್ಮದಲ್ಲಿ ಆಗಲಿಲ್ಲ, ಮುಂದಿನದರಲ್ಲಿ ನೋಡೋಣ ಅನ್ನುವ ಹಾಗಿಲ್ಲ. ಪ್ರಚಾರಕರ ಮಾತಿನಲ್ಲಿ ಕಾಣುವ ಅವಸರಕ್ಕೆ ಅರ್ಧ ಕಾರಣ ಇದು. ಮುಂದೆ ಬರುವ ಕಷ್ಟದ ಪ್ರಶ್ನೆಗಳಿಗೂ ಇದೇ ಮೂಲ.

ಒಳ್ಳೆಯವರಾಗಿ ಬದುಕಿದರೆ ಸಾಲದಾ? ಕೃಪೆ ಯಾಕೆ ಬೇಕು?

ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಂದು ಕಥೆ ಇದೆ. ದ್ರಾಕ್ಷಿತೋಟದ ಯಜಮಾನ ಬೆಳಗ್ಗೆಯೇ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಒಂದು ದಿನಕ್ಕೆ ಇಷ್ಟು ಕೂಲಿ ಅಂತ ಮಾತಾಗುತ್ತದೆ. ಮತ್ತೆ ಒಂಬತ್ತು ಗಂಟೆಗೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ಸುಮ್ಮನೆ ನಿಂತಿದ್ದಾರೆ. ಯಾಕೆ ನಿಂತಿದ್ದೀರಿ ಅಂದರೆ, "ಯಾರೂ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ" ಅನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಬಟವಾಡೆ ಹೊತ್ತಿಗೆ ಕೊನೆಗೆ ಬಂದವರಿಗೆ ಪೂರ್ತಿ ದಿನದ ಕೂಲಿ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೂ ಅಷ್ಟೇ. ಅವರು ಗೊಣಗುತ್ತಾರೆ. ಗೊಣಗದೆ ಇರುತ್ತಾರಾ? ಯಜಮಾನ ಹೇಳುವುದು ಇಷ್ಟು: ನಿನಗೆ ಆಡಿದ ಮಾತಿನ ಹಾಗೆ ಕೊಟ್ಟಿದ್ದೇನೆ, ನಾನು ಒಳ್ಳೆಯವನಾಗಿರುವುದು ನಿನ್ನ ಕಣ್ಣಿಗೆ ಚುಚ್ಚುತ್ತದಾ?

ಕೃಪೆ ಅಂದರೆ ಇದು. ಲೆಕ್ಕಕ್ಕೆ ಸಿಗದ ಕೂಲಿ. ನಮ್ಮ ನ್ಯಾಯಬುದ್ಧಿಗೆ ಇದು ಸರಿ ಅನ್ನಿಸುವುದಿಲ್ಲ. ಸರಿ ಅನ್ನಿಸಬಾರದು ಅಂತಲೇ ಯೇಸು ಈ ಕಥೆ ಹೇಳಿದ್ದು ಅಂತ ನನ್ನ ಎಣಿಕೆ.

5ನೇ ಶತಮಾನದಲ್ಲಿ ಇದರ ಮೇಲೆ ದೊಡ್ಡ ವಾದ ಆಯಿತು. ಬ್ರಿಟನ್ ಕಡೆಯ ಸಂನ್ಯಾಸಿ ಪೆಲೇಜಿಯಸ್, ಮನುಷ್ಯ ಮನಸ್ಸು ಮಾಡಿದರೆ ದೇವರ ಆಜ್ಞೆ ಪಾಲಿಸಬಲ್ಲ ಎಂದ. ಆಗದ್ದನ್ನು ದೇವರು ಯಾಕೆ ಆಜ್ಞಾಪಿಸುತ್ತಾನೆ, ಅಲ್ವಾ? ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಮನಸ್ಸು ಮಾಡುವ ಶಕ್ತಿಯೇ ಹಾಳಾಗಿದೆ, ಅದನ್ನು ಎಬ್ಬಿಸಲೂ ಕೃಪೆ ಬೇಕು ಎಂದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಪೆಲೇಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು, 431ರಲ್ಲಿ ಎಫೆಸದ ಮಹಾಸಭೆಯೂ ಹಾಗೇ ಮಾಡಿತು. ಹೀಗಾಗಿ "ನಾನು ಒಳ್ಳೆಯವನು, ಆದ್ದರಿಂದ ಸ್ವರ್ಗ ನನ್ನ ಹಕ್ಕು" ಅನ್ನುವ ಮಾತನ್ನು ಪೋಪ್ ಆಗಲಿ, ಪ್ರಾಟೆಸ್ಟಂಟ್ ಪಂಥಕ್ಕೆ ಮೊದಲು ಹಾಕಿದ ಲೂಥರ್ ಆಗಲಿ ಒಪ್ಪುವುದಿಲ್ಲ.

ಹಾಗಾದರೆ ನಂಬಿದರೆ ಸಾಕು, ಏನು ಬೇಕಾದರೂ ಮಾಡಬಹುದಾ?

ಈ ಪ್ರಶ್ನೆಯನ್ನು ಗಾಂಧೀಜಿಯೂ ಎದುರಿಸಿದರು. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ, 1893ರಲ್ಲಿ ಅಲ್ಲಿಗೆ ಹೋದ ಹೊಸತರಲ್ಲಿ, ಪ್ಲಿಮತ್ ಬ್ರದರನ್ ಪಂಗಡದ ಒಬ್ಬರು ಅವರಿಗೆ ಹೇಳಿದರಂತೆ: ನಾವು ಪಾಪ ಮಾಡದೆ ಇರಲಾರೆವು, ಆದರೆ ಯೇಸು ನಮ್ಮ ಪಾಪವನ್ನೆಲ್ಲ ಹೊತ್ತುಕೊಂಡಿದ್ದಾನೆ, ಅದಕ್ಕೇ ನಮಗೆ ನೆಮ್ಮದಿ. ಗಾಂಧೀಜಿ ಕೊಟ್ಟ ಉತ್ತರದ ಸಾರ ಹೀಗಿದೆ: ಪಾಪದ ಫಲದಿಂದ ತಪ್ಪಿಸಿಕೊಳ್ಳುವುದು ನನಗೆ ಬೇಡ, ಪಾಪದಿಂದಲೇ ಬಿಡುಗಡೆ ಬೇಕು. ಆತ್ಮಕಥೆಯಲ್ಲಿ ಈ ಪ್ರಸಂಗ ಇದೆ. ಎಲ್ಲ ಕ್ರೈಸ್ತರೂ ಹಾಗೆ ನಂಬುವುದಿಲ್ಲ ಅಂತ ತಮಗೆ ಗೊತ್ತಿತ್ತು ಎಂದೂ ಅವರು ಅಲ್ಲೇ ಸೇರಿಸಿದ್ದಾರೆ. ಓದುವವರು ಆ ಸಾಲನ್ನು ಬಿಟ್ಟುಬಿಡುವುದೇ ಜಾಸ್ತಿ.

ಗಾಂಧೀಜಿಯ ಮಾತು ಸರಿ. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರೋಣವೇ ಎಂದು, ಬೈಬಲಿನ ಹಲವು ಪತ್ರಗಳನ್ನು ಬರೆದ ಪೌಲನೇ ಕೇಳಿ, ಎಂದಿಗೂ ಕೂಡದು ಎನ್ನುತ್ತಾನೆ. ಯಾಕೋಬನ ಪತ್ರ ಇನ್ನೂ ಖಾರ: ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು. ನಂಬಿಕೆ ಮೊದಲಾ, ಕ್ರಿಯೆ ಮೊದಲಾ ಅನ್ನುವುದರ ಮೇಲೆ ಯುರೋಪ್ ಎರಡು ಹೋಳಾಯಿತು. ರೋಮಿನ ಸಂತ ಪೇತ್ರರ ಬೆಸಿಲಿಕಾ ಕಟ್ಟಲು ಹಣ ಬೇಕಿತ್ತು. ಪಾಪಶಿಕ್ಷೆ ಕಡಿಮೆಯಾಗುತ್ತದೆ ಎಂದು ಜರ್ಮನಿಯಲ್ಲಿ ಕ್ಷಮಾಪತ್ರ ಮಾರುತ್ತಿದ್ದರು. 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗಿನ ಮಾರ್ಟಿನ್ ಲೂಥರ್ ಇದರ ವಿರುದ್ಧ 95 ವಾದವಾಕ್ಯಗಳನ್ನು ಜನರ ಮುಂದಿಟ್ಟ. ಕ್ರಮೇಣ ಅವನ ವಾದ ಗಟ್ಟಿಯಾಯಿತು: ನಂಬಿಕೆಯೊಂದರಿಂದಲೇ ಮನುಷ್ಯ ದೇವರ ಮುಂದೆ ನೀತಿವಂತ. ರೋಮ್, ಅಂದರೆ ಕ್ಯಾಥೊಲಿಕ್ ಸಭೆ, 1547ರಲ್ಲಿ ಟ್ರೆಂಟ್ ಎಂಬಲ್ಲಿನ ಬಿಷಪರ ಮಹಾಸಭೆಯಲ್ಲಿ ಉತ್ತರ ಕೊಟ್ಟಿತು: ಮೊದಲ ಹೆಜ್ಜೆ ಕೃಪೆಯದ್ದೇ, ಆದರೆ ಮನುಷ್ಯ ಅದಕ್ಕೆ ಒಪ್ಪಿ ಅದರ ಜೊತೆ ನಡೆಯಬೇಕು.

ಸುಮಾರು ನಾನೂರೈವತ್ತು ವರ್ಷ ಒಬ್ಬರನ್ನೊಬ್ಬರು ಬೈದುಕೊಂಡ ಮೇಲೆ, 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟ ಮತ್ತು ಕ್ಯಾಥೊಲಿಕ್ ಸಭೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನೆ, ಒಳ್ಳೆಯ ಕೆಲಸ ಅದರ ಫಲ ಅನ್ನುವುದು ಅದರ ತಿರುಳು. ಮೆಥಡಿಸ್ಟರು ಎಂಬ ಪ್ರಾಟೆಸ್ಟಂಟ್ ಪಂಗಡದವರು 2006ರಲ್ಲಿ ಸೇರಿದರು. ಇಷ್ಟು ದೊಡ್ಡ ರಾಜಿ ಆದದ್ದು ನಮ್ಮ ಎಷ್ಟೋ ಪ್ರಸಂಗಪೀಠಗಳಿಗೆ ಇನ್ನೂ ಮುಟ್ಟಿದ ಹಾಗಿಲ್ಲ.

ಮೇಲುಕೋಟೆಯ ಕಡೆಯವರಿಗೆ ಈ ವಾದ ಹೊಸದಲ್ಲ. ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳುವ ಕೋತಿಮರಿಯೋ, ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುವ ಬೆಕ್ಕಿನಮರಿಯೋ ಎಂದು ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆಯವರು ವಾದಿಸಿದ್ದು ಇದನ್ನೇ. ಲೂಥರ್ ಬೆಕ್ಕಿನಮರಿ ಪಕ್ಷ.

ಯಾರು ಉಳಿಯಬೇಕು ಅಂತ ದೇವರು ಮೊದಲೇ ಆರಿಸಿಟ್ಟಿದ್ದಾನಾ?

ಜಿನೀವಾದ ಜಾನ್ ಕ್ಯಾಲ್ವಿನ್ ಮತ್ತು ಅವನ ಹಿಂಬಾಲಕರು ಹೌದು ಅನ್ನುತ್ತಾರೆ. ಎಲ್ಲವೂ ಕೃಪೆಯೇ ಆದರೆ, ಕೆಲವರಿಗೆ ನಂಬಿಕೆ ಬಂದು ಕೆಲವರಿಗೆ ಬರದೇ ಇರುವುದಕ್ಕೂ ದೇವರ ಆಯ್ಕೆಯೇ ಕಾರಣ ಎಂಬುದು ಅವರ ತರ್ಕ. ನೆದರ್‌ಲ್ಯಾಂಡ್ಸಿನ ಆರ್ಮಿನಿಯಸ್‌ನ ಶಿಷ್ಯರು 1610ರಲ್ಲಿ ಇದಕ್ಕೆ ತಕರಾರು ತೆಗೆದರು: ಕ್ರಿಸ್ತ ಸತ್ತದ್ದು ಎಲ್ಲರಿಗಾಗಿ, ಕೃಪೆಯನ್ನು ಬೇಡ ಅನ್ನುವ ಶಕ್ತಿ ಮನುಷ್ಯನಿಗಿದೆ. 1618-19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸೇರಿದ ಪ್ರಾಟೆಸ್ಟಂಟ್ ಮುಖಂಡರ ಸಭೆ ಅವರನ್ನು ಹೊರಗಿಟ್ಟಿತು. 18ನೇ ಶತಮಾನದಲ್ಲಿ ಮೆಥಡಿಸ್ಟ್ ಪಂಗಡಕ್ಕೆ ಮೂಲನಾದ ಜಾನ್ ವೆಸ್ಲಿ ಆರ್ಮಿನಿಯಸ್‌ನ ಪಕ್ಷ ಹಿಡಿದ. ಮೆಥಡಿಸ್ಟರು, ಪೆಂತೆಕೊಸ್ತ್ ಸಭೆಗಳಲ್ಲಿ ಹೆಚ್ಚಿನವರು ಇವತ್ತಿಗೂ ಆ ಕಡೆಯೇ.

ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆ ಮಾಡಿದ್ದು ಓದಿದವರಿಗೆ ಕ್ಯಾಲ್ವಿನ್ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ವ್ಯತ್ಯಾಸ ಇದೆ. ಮಧ್ವರಲ್ಲಿ ಅದು ಜೀವದ ಸ್ವಭಾವ, ಕ್ಯಾಲ್ವಿನ್‌ನಲ್ಲಿ ದೇವರ ನಿರ್ಣಯ. ನನಗೆ ಮಾತ್ರ ಕ್ಯಾಲ್ವಿನ್‌ನ ತರ್ಕ ಎಷ್ಟು ಬಿಗಿಯೋ ಅಷ್ಟೇ ಉಸಿರುಗಟ್ಟಿಸುತ್ತದೆ.

ನೇರವಾಗಿ ಹೇಳಿ. ಕ್ರೈಸ್ತರಲ್ಲದವರೆಲ್ಲ ನರಕಕ್ಕೆ ಹೋಗುತ್ತಾರಾ?

ಹೌದು ಅನ್ನುವ ಕ್ರೈಸ್ತರಿದ್ದಾರೆ. ಇಲ್ಲ ಅನ್ನುವವರೂ ಇದ್ದಾರೆ. ಅದು ನಮಗೆ ಬಿಟ್ಟ ವಿಷಯವಲ್ಲ ಅನ್ನುವವರೂ ಕಡಿಮೆಯಿಲ್ಲ.

ಹೌದು ಅನ್ನುವವರ ಕೈಯಲ್ಲಿ ಗಟ್ಟಿ ವಾಕ್ಯಗಳಿವೆ. ನನ್ನ ಮೂಲಕವಲ್ಲದೆ ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂದು ಯೋಹಾನ 14ರಲ್ಲಿ ಯೇಸು ಹೇಳುತ್ತಾನೆ. ಬೇರೆ ಯಾವ ಹೆಸರಿನಿಂದಲೂ ರಕ್ಷಣೆ ಇಲ್ಲ ಎಂದು ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಶಿಷ್ಯ ಪೇತ್ರ ಹೇಳುತ್ತಾನೆ. 3ನೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಸಭೆಯ ಹೊರಗೆ ರಕ್ಷಣೆ ಇಲ್ಲ ಎಂದ. ಅವನು ಬೈಯುತ್ತಿದ್ದದ್ದು ಸಭೆ ಒಡೆದು ಹೋದ ಕ್ರೈಸ್ತರನ್ನು. ಮುಂದಿನವರು ಅದನ್ನು ಇಡೀ ಲೋಕಕ್ಕೆ ಅನ್ವಯಿಸಿದರು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ, ಅನ್ಯಮತದವರು, ಯೆಹೂದ್ಯರು, ಸಭೆಯಿಂದ ಬೇರೆಯಾದವರು ಸಾಯುವ ಮುಂಚೆ ಸಭೆ ಸೇರದಿದ್ದರೆ ನಿತ್ಯ ಬೆಂಕಿಗೆ ಹೋಗುತ್ತಾರೆ ಎಂದು ಬರೆದೇ ಬಿಟ್ಟಿತು.

ಅದಾಗಿ ಐವತ್ತೇ ವರ್ಷಕ್ಕೆ ಕೊಲಂಬಸ್ ಅಮೆರಿಕ ಮುಟ್ಟಿದ. ಸುವಾರ್ತೆ ಬಹುಮಟ್ಟಿಗೆ ಲೋಕದಲ್ಲೆಲ್ಲ ಹರಡಿದೆ, ಕೇಳದವರು ಕಡಿಮೆ ಎಂದು ಯುರೋಪಿನವರು ಅಂದುಕೊಂಡಿದ್ದರು. ಈಗ ನೋಡಿದರೆ ಯೇಸುವಿನ ಹೆಸರೇ ಕೇಳದ ಇಡೀ ಖಂಡ! ಹದಿನೈದು ಶತಮಾನ ಅಲ್ಲಿ ಹುಟ್ಟಿ ಸತ್ತವರ ತಪ್ಪು ಏನು? ಧರ್ಮಪಂಡಿತರು ಹೊಸದಾಗಿ ಯೋಚಿಸಬೇಕಾಯಿತು.

ಆ ಯೋಚನೆ ನಿಧಾನವಾಗಿ ಬೆಳೆಯಿತು. ಅಮೆರಿಕದ ಬಾಸ್ಟನ್ನಿನಲ್ಲಿ ಲಿಯೊನಾರ್ಡ್ ಫೀನಿ ಎಂಬ ಜೆಸ್ವಿಟ್ ಪಾದ್ರಿ, ಕ್ಯಾಥೊಲಿಕರಲ್ಲದವರಿಗೆ ರಕ್ಷಣೆಯೇ ಇಲ್ಲ ಎಂದು ಸಾರುತ್ತಿದ್ದ. 1949ರಲ್ಲಿ ರೋಮ್ ಪತ್ರ ಬರೆದು ಇದು ಸಭೆಯ ಬೋಧನೆ ಅಲ್ಲ ಎಂದಿತು. ಕರೆದರೂ ರೋಮಿಗೆ ಹೋಗದ್ದಕ್ಕೆ 1953ರಲ್ಲಿ ಅವನಿಗೆ ಬಹಿಷ್ಕಾರ ಬಿತ್ತು. ಸಭೆಯ ಹೊರಗೆ ರಕ್ಷಣೆ ಇಲ್ಲ ಎಂದು ಹಟ ಹಿಡಿದವನೇ ಸಭೆಯ ಹೊರಗೆ ಬಿದ್ದ. 1972ರಲ್ಲಿ ಮತ್ತೆ ಒಳಗೆ ಸೇರಿಸಿಕೊಂಡರು.

1964ರಲ್ಲಿ ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನು ಸ್ಪಷ್ಟ ಮಾಡಿತು. ತಮ್ಮದಲ್ಲದ ಕಾರಣಕ್ಕೆ ಕ್ರಿಸ್ತನನ್ನು ಅರಿಯದವರು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ, ಮನಸ್ಸಾಕ್ಷಿ ತೋರಿದ ಹಾಗೆ ನಡೆದರೆ ಅವರೂ ನಿತ್ಯರಕ್ಷಣೆ ಪಡೆಯಬಲ್ಲರು. ಮರುವರ್ಷದ ಇನ್ನೊಂದು ಘೋಷಣೆ ಹಿಂದೂ, ಬೌದ್ಧ ಧರ್ಮಗಳ ಹೆಸರು ಹೇಳಿ, ಅವುಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲ ಎಂದಿತು. ಆದರೆ ಇದರಲ್ಲಿ ಒಂದು ಗಂಟು ಇದೆ. ಅವರನ್ನು ಉಳಿಸುವವನು ಅವರಿಗೆ ಗೊತ್ತಿರಲಿ ಬಿಡಲಿ ಕ್ರಿಸ್ತನೇ, ಎಲ್ಲ ದಾರಿಯೂ ಒಂದೇ ಎಂದು ಅರ್ಥವಲ್ಲ. ಜರ್ಮನ್ ಪಂಡಿತ ಕಾರ್ಲ್ ರಾನರ್ ಇಂಥವರನ್ನು "ಅನಾಮಿಕ ಕ್ರೈಸ್ತರು" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಆದರೂ ಕೇಳಿದ ಹಿಂದೂಗಳಿಗೆ ಇರಿಸುಮುರಿಸು ಆಗದೆ ಇರುತ್ತದಾ? ನಿಮ್ಮನ್ನು ಯಾರಾದರೂ ಅನಾಮಿಕ ವೈಷ್ಣವ ಅಂದರೆ ಹೇಗಿರುತ್ತದೆ, ಹಾಗೆ.

ಪ್ರಾಟೆಸ್ಟಂಟರಲ್ಲಿ ಒಂದೇ ದನಿ ಇಲ್ಲ. 1974ರ ಲೊಸಾನ್ ಒಡಂಬಡಿಕೆ, ಸುವಾರ್ತೆ ಸಾರುವುದಕ್ಕೆ ಒತ್ತು ಕೊಡುವ ಎವಾಂಜೆಲಿಕಲ್ ಸಭೆಗಳ ನಿಲುವನ್ನು ಹೇಳುತ್ತದೆ: ಕ್ರಿಸ್ತನೊಬ್ಬನೇ ಮಧ್ಯಸ್ಥ, ಅವನನ್ನು ತಿರಸ್ಕರಿಸುವವರು ದೇವರಿಂದ ಶಾಶ್ವತವಾಗಿ ದೂರವಾಗುತ್ತಾರೆ. ಇನ್ನೊಂದು ತುದಿಯಲ್ಲಿ ನಮ್ಮ ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಇದ್ದರು. ಮಂಗಳೂರಿನ ಥಿಯಾಲಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದವರು, ಆಮೇಲೆ ಜಿನೀವಾದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಬೇರೆ ಧರ್ಮಗಳ ಜೊತೆಗಿನ ಸಂವಾದ ವಿಭಾಗದ ಮೊದಲ ನಿರ್ದೇಶಕರಾದವರು. ಅವರ ವಾದ ಸುಲಭ, ನುಂಗುವುದು ಕಷ್ಟ: ದೇವರ ರಹಸ್ಯ ಯಾವ ಒಂದು ಧರ್ಮದ ಮುಷ್ಟಿಗೂ ಸಿಗುವಂಥದ್ದಲ್ಲ, ಕ್ರಿಸ್ತನಿಗೆ ನಿಷ್ಠರಾಗಿದ್ದುಕೊಂಡೇ ಪಕ್ಕದವರ ಅನುಭವವನ್ನೂ ನಿಜ ಎಂದು ಒಪ್ಪಬಹುದು. ಕರಾವಳಿಯಲ್ಲಿ ಬೆಳೆದವರ ಬಾಯಲ್ಲಿ ಈ ಮಾತು ಬಂದದ್ದು ನನಗೆ ಆಶ್ಚರ್ಯವಲ್ಲ.

ನನ್ನ ಮಟ್ಟಿಗೆ ಮತ್ತಾಯ 25 ಸಾಕು. ಕೊನೆಯ ತೀರ್ಪಿನ ದಿನ ರಾಜ ಕೇಳುವುದು ಹಸಿದವನಿಗೆ ಊಟ ಹಾಕಿದೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋದೆಯಾ ಎಂದು. ಬಲಗಡೆ ನಿಂತವರಿಗೆ ತಾವು ಉಪಚರಿಸಿದ್ದು ಯಾರನ್ನು ಅಂತಲೇ ಗೊತ್ತಿಲ್ಲ. "ಸ್ವಾಮೀ, ನಿನ್ನನ್ನು ಯಾವಾಗ ನೋಡಿದೆವು?" ಅನ್ನುತ್ತಾರೆ.

ಗಾಂಧೀಜಿ, ಬುದ್ಧ, ನಮ್ಮ ಅಜ್ಜ-ಮುತ್ತಜ್ಜ ಈಗ ಎಲ್ಲಿದ್ದಾರೆ?

ಕ್ಯಾಥೊಲಿಕ್ ಸಭೆ ಸಾವಿರಾರು ಜನರನ್ನು ಸಂತರು, ಅಂದರೆ ಸ್ವರ್ಗದಲ್ಲಿದ್ದಾರೆ ಎಂದು ಘೋಷಿಸಿದೆ. ಇಂಥವನು ನರಕದಲ್ಲಿದ್ದಾನೆ ಎಂದು ಒಬ್ಬ ಮನುಷ್ಯನ ಹೆಸರನ್ನೂ ಈವರೆಗೆ ಘೋಷಿಸಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಹೆಸರನ್ನು ಕೂಡ.

ಯೇಸುವಿಗಿಂತ ಮುಂಚೆ ಬದುಕಿದವರ ಪ್ರಶ್ನೆ ಮೊದಲ ಶತಮಾನಗಳಲ್ಲೇ ಬಂದಿತ್ತು. 2ನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್, ಸಾಕ್ರಟೀಸನಂಥವರು ದೇವರ ವಾಕ್ಯಕ್ಕೆ ತಕ್ಕಂತೆ ಬದುಕಿದ ಕ್ರೈಸ್ತರೇ ಎಂದ. ಆರ್ಥೊಡಾಕ್ಸ್ ಸಭೆಗಳ ಈಸ್ಟರ್ ಚಿತ್ರ ನೋಡಿ. ಕ್ರಿಸ್ತ ಪಾತಾಳದ ಬಾಗಿಲು ಮುರಿದು, ಅಡ್ಡಡ್ಡ ಬಿದ್ದ ಕದಗಳ ಮೇಲೆ ನಿಂತಿದ್ದಾನೆ. ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಗೋರಿಯಿಂದ ಎಳೆಯುತ್ತಿದ್ದಾನೆ. ಹಿಡಿದಿರುವುದು ಬೆರಳನ್ನಲ್ಲ, ಮಣಿಕಟ್ಟನ್ನು. ಕಾಲ ಕೆಳಗೆ ಕತ್ತಲಲ್ಲಿ ಮುರಿದ ಬೀಗ, ಕೀಲಿ, ಮೊಳೆಗಳು ಚೆಲ್ಲಾಪಿಲ್ಲಿ.

ದೀಕ್ಷಾಸ್ನಾನ ಆಗದೆ ಸತ್ತ ಮಗುವಿನ ಗತಿ?

ದೀಕ್ಷಾಸ್ನಾನ ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ. ಅಗಸ್ಟೀನ್ ಇಲ್ಲಿ ಕಠಿಣ. ಅಂಥ ಮಗುವಿಗೂ ಶಿಕ್ಷೆ ಇದೆ, ಆದರೆ ಅತಿ ಹಗುರ ಎಂದ. ಮಧ್ಯಯುಗದ ಪಂಡಿತರು ಅದನ್ನು ಮೆದು ಮಾಡಿ, ನೋವಿಲ್ಲದ, ಆದರೆ ದೇವರ ದರ್ಶನವೂ ಇಲ್ಲದ ಲಿಂಬೊ ಎಂಬ ಸ್ಥಿತಿಯನ್ನು ಹೇಳಿದರು. ಇದರಿಂದ ತಾಯಂದಿರು ಪಟ್ಟ ಪಾಡು ಅಷ್ಟಿಷ್ಟಲ್ಲ. ಐರ್ಲೆಂಡಿನಲ್ಲಿ ಇಂಥ ಕೂಸುಗಳನ್ನು ಚರ್ಚಿನ ಸ್ಮಶಾನದಲ್ಲಿ ಹೂಳದೆ, ಹೊಲದ ಅಂಚಿನಲ್ಲೋ ಹಾಳುಬಿದ್ದ ಗುಡಿಯ ಪಕ್ಕದಲ್ಲೋ ಹೂಳುತ್ತಿದ್ದರು. ಹೆಸರಿಲ್ಲದ ಸಣ್ಣ ಕಲ್ಲುಗಳು ಅಲ್ಲಿ ಇವತ್ತಿಗೂ ಕಾಣಸಿಗುತ್ತವೆ. 2007ರಲ್ಲಿ ವ್ಯಾಟಿಕನ್ನಿನ ಧರ್ಮಶಾಸ್ತ್ರ ಆಯೋಗ, ಲಿಂಬೊ ಎಂದೂ ಸಭೆಯ ಕಡ್ಡಾಯ ನಂಬಿಕೆ ಆಗಿರಲಿಲ್ಲ, ಈ ಮಕ್ಕಳು ರಕ್ಷಣೆ ಪಡೆಯುತ್ತಾರೆ ಎಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ಹೇಳಿತು. ಇದನ್ನು ಹೇಳಲು ಇಷ್ಟು ಶತಮಾನ ಬೇಕಿತ್ತಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ನರಕ ಅಂದರೆ ನಿಜವಾದ ಬೆಂಕಿಯಾ? ಅದು ಶಾಶ್ವತವಾ?

ಬೈಬಲ್ ನರಕವನ್ನು ಆರದ ಬೆಂಕಿ ಅನ್ನುತ್ತದೆ, ಕಗ್ಗತ್ತಲೆ ಅಂತಲೂ ಅನ್ನುತ್ತದೆ. ಎರಡನ್ನೂ ಅಕ್ಷರಶಃ ತೆಗೆದುಕೊಳ್ಳುವುದು ಕಷ್ಟ. ಯೇಸು ಬಳಸಿದ ಗೆಹೆನ್ನ ಅನ್ನುವುದು ಜೆರುಸಲೇಮಿನ ದಕ್ಷಿಣಕ್ಕಿರುವ ಹಿನ್ನೋಮ್ ಕಣಿವೆ, ಹಿಂದೆ ಮಕ್ಕಳನ್ನು ಬೆಂಕಿಗೆ ಬಲಿ ಕೊಟ್ಟ ಜಾಗ. ಅದು ಊರಿನ ಕಸ ಸುಡುವ ತಿಪ್ಪೆಯಾಗಿತ್ತು ಅಂತ ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಯೇಸುವಿನ ಕಾಲದ ಯಾವ ಬರಹದಲ್ಲೂ ಆ ಮಾತಿಲ್ಲ. ಅದನ್ನು ಮೊದಲು ಹೇಳಿದ್ದು ಸಾವಿರಕ್ಕೂ ಹೆಚ್ಚು ವರ್ಷದ ನಂತರ. ಪೋಪ್ ಎರಡನೇ ಜಾನ್ ಪಾಲ್ 1999ರಲ್ಲಿ, ನರಕ ಒಂದು ಜಾಗ ಅನ್ನುವುದಕ್ಕಿಂತ, ತಾನಾಗಿಯೇ ದೇವರನ್ನು ಬಿಟ್ಟು ದೂರವಾದವನ ಸ್ಥಿತಿ ಎಂದರು.

ಕೊನೆಯಿಲ್ಲದ ಶಿಕ್ಷೆ ಎಂಬುದೇ ಹೆಚ್ಚಿನ ಸಭೆಗಳ ಅಧಿಕೃತ ನಿಲುವು. ಅದರ ಪಕ್ಕದಲ್ಲಿ ಇನ್ನೆರಡು ದನಿ ಇವೆ. ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ, ಸದಾಕಾಲ ನರಳುವುದಿಲ್ಲ ಎನ್ನುವುದು ಒಂದು. ಸೆವೆಂತ್ ಡೇ ಅಡ್ವೆಂಟಿಸ್ಟರು ಹೀಗೆ ನಂಬುತ್ತಾರೆ. ಲೊಸಾನ್ ಒಡಂಬಡಿಕೆಯ ಕರಡು ಬರೆದ ಜಾನ್ ಸ್ಟಾಟ್ ಕೂಡ 1988ರಲ್ಲಿ ಹಿಂಜರಿಯುತ್ತಲೇ ಈ ಕಡೆ ವಾಲಿದರು. ಕೊನೆಗೆ ಎಲ್ಲರೂ ದೇವರ ಬಳಿಗೆ ಮರಳುತ್ತಾರೆ ಎನ್ನುವುದು ಇನ್ನೊಂದು. 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್ ಹೀಗೆ ಯೋಚಿಸಿ ಮುಂದೆ ಖಂಡನೆಗೆ ಗುರಿಯಾದ. ಅವನ ಹಾದಿಯಲ್ಲೇ ನಡೆದ ನಿಸ್ಸಾದ ಗ್ರೆಗರಿ ಮಾತ್ರ ಸಂತನಾಗಿ ಉಳಿದ. 7ನೇ ಶತಮಾನದ ನಿನೆವೆಯ ಐಸಾಕನ ಪ್ರಕಾರ ನರಕದಲ್ಲಿ ಸುಡುವುದು ದೇವರ ಪ್ರೀತಿಯೇ, ಅದಕ್ಕೆ ದ್ರೋಹ ಮಾಡಿದೆ ಅನ್ನುವ ನೋವಾಗಿ.

ಸತ್ತವರಿಗಾಗಿ ಪ್ರಾರ್ಥನೆ ಮಾಡಿದರೆ ಉಪಯೋಗ ಇದೆಯಾ?

ಕ್ಯಾಥೊಲಿಕರು ಇದೆ ಅನ್ನುತ್ತಾರೆ. ಕೃಪೆಯಲ್ಲಿ ಸತ್ತರೂ ಪೂರ್ತಿ ಶುದ್ಧರಾಗದವರು ಒಂದು ಶುದ್ಧೀಕರಣ ದಾಟಬೇಕು, ನಮ್ಮ ಪ್ರಾರ್ಥನೆ ಅವರಿಗೆ ಆಸರೆ. ನವೆಂಬರ್ 2ರಂದು ಮಂಗಳೂರು ಕಡೆಯ ಸ್ಮಶಾನಗಳಿಗೆ ಹೋಗಿ ನೋಡಿ. ಮಳೆಗಾಲದಲ್ಲಿ ಬೆಳೆದ ಹುಲ್ಲು ಕಿತ್ತು, ಶಿಲುಬೆಗೆ ಸುಣ್ಣ ಹೊಡೆದು, ಸೇವಂತಿಗೆ ಹರಡಿರುತ್ತಾರೆ. ಗಾಳಿಗೆ ಮೇಣದಬತ್ತಿ ಆರಿದರೆ ಪಕ್ಕದ ಗೋರಿಯದ್ದರಿಂದ ಹಚ್ಚಿಕೊಳ್ಳುತ್ತಾರೆ. ಪಾದ್ರಿ ಗೋರಿಗಳ ನಡುವೆ ತೀರ್ಥ ಚಿಮುಕಿಸುತ್ತಾ ಬರುತ್ತಾರೆ. ಹೆಚ್ಚಿನ ಪ್ರಾಟೆಸ್ಟಂಟರು ಇದನ್ನು ಒಪ್ಪುವುದಿಲ್ಲ. ಸಾವಿನೊಂದಿಗೆ ಲೆಕ್ಕ ಮುಗಿಯಿತು ಅನ್ನುತ್ತಾರೆ. ಆದರೂ ಗೋರಿಗೆ ಹೂವಿಡುವುದನ್ನು ಅವರೂ ಬಿಟ್ಟಿಲ್ಲ.

ಸಾಯುವ ಗಳಿಗೆಯಲ್ಲಿ ಪಶ್ಚಾತ್ತಾಪ ಪಟ್ಟರೆ?

ನಡೆಯುತ್ತದೆ. ಯೇಸುವಿನ ಪಕ್ಕ ಶಿಲುಬೆಗೆ ಹಾಕಿದ ಕಳ್ಳನಿಗೆ ದೀಕ್ಷಾಸ್ನಾನವೂ ಆಗಲಿಲ್ಲ, ಒಂದು ಒಳ್ಳೆಯ ಕೆಲಸ ಮಾಡಲು ಕೈಯೂ ಬಿಡುವಿರಲಿಲ್ಲ. ಆದರೂ ಇವತ್ತೇ ನೀನು ನನ್ನ ಜೊತೆ ಪರದೈಸಿನಲ್ಲಿ ಇರುತ್ತೀ ಎಂದು ಯೇಸು ಅವನಿಗೆ ಹೇಳಿದ.

ಎಲ್ಲರಿಗೂ ರಕ್ಷಣೆ ಸಾಧ್ಯ ಅಂದಮೇಲೆ ಮಿಶನರಿಗಳು ಯಾಕೆ ಬಂದರು?

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರಿಗೆ ಈ "ಸಾಧ್ಯ" ಅಷ್ಟು ಸಲೀಸಾಗಿರಲಿಲ್ಲ. ಕೇಳದೆ ಸತ್ತವರು ಕಳೆದುಹೋಗುತ್ತಾರೆ ಎಂಬ ಕಳವಳ ಅವರಲ್ಲಿ ನಿಜವಾಗಿಯೂ ಇತ್ತು. ಅವರ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆಗಳ ಹಿಂದೆ ಆ ಕಳವಳವೂ ಇದೆ. ಇವತ್ತಿನ ಸಭೆಗಳಲ್ಲಿ ಕೆಲವು ಅದೇ ಕಾರಣ ಹೇಳುತ್ತವೆ. ಉಳಿದವು, ಒಳ್ಳೆಯ ಸುದ್ದಿ ಗೊತ್ತಿದ್ದವನು ಹೇಳದೆ ಇರಲಾರ, ಕೇಳುವುದು ಬಿಡುವುದು ಕೇಳಿದವನಿಗೆ ಬಿಟ್ಟದ್ದು ಅನ್ನುತ್ತವೆ. ಬಲವಂತ, ಆಮಿಷ ಎರಡೂ ಕೃಪೆ ಎಂಬ ಮಾತಿಗೇ ವಿರುದ್ಧ.

ಗುರುತಿನವರೊಬ್ಬರು "ಯೇಸುವನ್ನು ನಂಬದಿದ್ದರೆ ನೀನು ನರಕಕ್ಕೆ ಹೋಗ್ತೀಯ" ಅಂದರು. ಏನು ಹೇಳಲಿ?

ಜಗಳ ಬೇಡ. ಅವರು ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿರಬಹುದು. ಯಾವ ಸಭೆಯವರು ಅಂತ ಕೇಳಿ, ಆ ಸಭೆ ಏನು ಕಲಿಸುತ್ತದೆ ಅಂತ ಕೇಳಿ. ಕ್ಯಾಥೊಲಿಕರಾಗಿದ್ದರೆ ಅವರ ಸಭೆಯ 1964ರ ಮಾತನ್ನು ನೆನಪಿಸಬಹುದು. ಸಾವಿನ ಮನೆಯಲ್ಲಿ ನಿಂತು ಸತ್ತವರ ಗತಿ ತೀರ್ಮಾನಿಸುವ ಪ್ರಸಂಗ ನಾನೂ ಒಮ್ಮೆ ಕೇಳಿದ್ದೇನೆ. ಸತ್ತವರ ಮಗಳು ಎದ್ದು ಹೊರಗೆ ಹೋದಳು. ಅಂಥ ಕಡೆ ನೀವೂ ಎದ್ದು ಹೋಗಬಹುದು, ಅದರಲ್ಲಿ ಏನೂ ತಪ್ಪಿಲ್ಲ. ಆಕೆಯ ಹಿಂದೆ ಹೋಗಿ ಒಂದು ಲೋಟ ನೀರು ಕೊಟ್ಟವರು ಪಕ್ಕದ ಮನೆಯ ಹಿಂದೂ ಹೆಂಗಸು.